ಬಂಡೆ ಗಟ್ಟಿ, ಮಾಳಿಗೆ ಭಾರ: ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಭೂಕಂಪದ ಭಯ ಎಷ್ಟು?

2025ರ ನವೆಂಬರ್ ಕೊನೆಯ ಹೊತ್ತಿಗೆ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಮರುದಿನ ರಾತ್ರಿಯ ಹೊತ್ತಿಗೆ ಅದರ ಬೂದಿ ಅರಬ್ಬಿ ಸಮುದ್ರ ದಾಟಿ, ಗುಜರಾತ್, ರಾಜಸ್ಥಾನದ ಮೇಲೆ ಹಾದು ದೆಹಲಿಯ ಆಕಾಶ ಸೇರಿತು. ವಿಮಾನಗಳು ರದ್ದಾದವು. ಅದೇ ತಿಂಗಳು ಭಾರತೀಯ ಮಾನಕ ಬ್ಯೂರೋ ದೇಶದ ಹೊಸ ಭೂಕಂಪ ವಲಯ ನಕ್ಷೆ ಪ್ರಕಟಿಸಿತು. ಅದರಲ್ಲಿ ಇಡೀ ಹಿಮಾಲಯ ಶ್ರೇಣಿಯನ್ನು ಅತಿ ಹೆಚ್ಚು ಅಪಾಯದ ಆರನೇ ವಲಯವೆಂಬ ಹೊಸ ಗುಂಪಿಗೆ ಹಾಕಲಾಗಿತ್ತು. ದೇಶದ ಶೇ 61ರಷ್ಟು ನೆಲಕ್ಕೆ ಮಧ್ಯಮದಿಂದ ತೀವ್ರ ಮಟ್ಟದ ಅಪಾಯವಿದೆ ಎಂಬ ಸಾಲೇ ಎಲ್ಲೆಡೆ ತಲೆಬರಹವಾಯಿತು.

ಇವೆರಡನ್ನೂ ಒಟ್ಟಿಗೆ ಓದಿದ ನಮ್ಮ ಭಾಗದವರಿಗೆ ಏಳುವ ಪ್ರಶ್ನೆ ಒಂದೇ: ಹಾಗಾದರೆ ನಮ್ಮ ಕಡೆ ಹೇಗೆ? ಇದಕ್ಕೆ ಎರಡು ಉತ್ತರ ಚಾಲ್ತಿಯಲ್ಲಿವೆ. ನಮ್ಮದು ದಖ್ಖನ್ನಿನ ಗಟ್ಟಿ ಬಂಡೆ, ಇಲ್ಲಿ ಏನೂ ಆಗುವುದಿಲ್ಲ ಎನ್ನುವುದು ಒಂದು. 1993ರಲ್ಲಿ ಭೂಕಂಪಕ್ಕೆ ಸಿಕ್ಕ ಮಹಾರಾಷ್ಟ್ರದ ಕಿಲ್ಲಾರಿಯಲ್ಲೂ ಹಾಗೇ ಅಂದುಕೊಂಡಿದ್ದರು, ಯಾವಾಗ ಏನಾಗುತ್ತದೋ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಪಾಲಿದೆ. ಆದರೆ ಎರಡೂ ನೆಲದ ಮಾತನ್ನಷ್ಟೇ ಆಡುತ್ತವೆ, ಆ ನೆಲದ ಮೇಲೆ ನಿಂತ ಮನೆಯ ಮಾತನ್ನು ಬಿಡುತ್ತವೆ. ಈ ಮೂರು ಜಿಲ್ಲೆಗಳ ಮಟ್ಟಿಗೆ ಅಪಾಯದ ದೊಡ್ಡ ಪಾಲು ಇರುವುದು ಮನೆಯಲ್ಲೇ.

ಇಥಿಯೋಪಿಯಾದಲ್ಲಿ ಏಕೆ, ಇಲ್ಲಿ ಏಕಿಲ್ಲ

ಭೂಮಿಯ ಹೊರಪದರ ಒಂದೇ ಚಿಪ್ಪಲ್ಲ. ಅದು ಹಲವು ದೊಡ್ಡ ಚಿಕ್ಕ ಫಲಕಗಳಾಗಿ ಒಡೆದಿದೆ. ಈ ಭೂಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ. ಹೈಲಿ ಗುಬ್ಬಿ ಇರುವ ಅಫಾರ್ ಪ್ರದೇಶದಲ್ಲಿ ಆಫ್ರಿಕಾ, ಸೊಮಾಲಿಯಾ, ಅರೇಬಿಯಾ ಎಂಬ ಮೂರು ಫಲಕಗಳು ಒಂದರಿಂದ ಒಂದು ದೂರ ಸರಿಯುತ್ತಿವೆ. ನೆಲ ಬಿರಿದು ತೆಳುವಾದಂತೆ ಕೆಳಗಿನ ಬಿಸಿ ಶಿಲೆಯ ಮೇಲಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಶಿಲೆ ಕರಗುತ್ತದೆ, ಕರಗಿದ್ದು ಮೇಲೇರುತ್ತದೆ. ಅಲ್ಲಿ ಜ್ವಾಲಾಮುಖಿಗಳ ಸಾಲೇ ಇರುವುದಕ್ಕೆ ಕಾರಣ ಇದು.

ನಮ್ಮ ಮೂರು ಜಿಲ್ಲೆಗಳು ಭಾರತ ಫಲಕದ ನಡುವೆ, ಅಂಚುಗಳಿಂದ ಬಹು ದೂರದಲ್ಲಿವೆ. ಇಲ್ಲಿ ನೆಲ ಬಿರಿಯುತ್ತಿಲ್ಲ, ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತಿಯೂ ಇಲ್ಲ. ಹಾಗಾಗಿ ಜ್ವಾಲಾಮುಖಿ ಏಳಲು ಬೇಕಾದ ವ್ಯವಸ್ಥೆಯೇ ಇಲ್ಲಿಲ್ಲ. ಹಿಂದೆ ಇತ್ತು ಎನ್ನುವುದು ನಿಜ. ಸಂಡೂರಿನ ಬೆಟ್ಟಸಾಲು, ಹಟ್ಟಿ–ಮಸ್ಕಿ ಭಾಗದ ಹಸಿರುಗಪ್ಪು ಕಲ್ಲುಗಳಲ್ಲಿ ಪುರಾತನ ಲಾವಾ ಇದೆ. ಆದರೆ ಅದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಪ್ರವಾಹದ್ದು. ಇಂದು ಭಾರತದಲ್ಲಿ ಸಕ್ರಿಯವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದು ಮಾತ್ರ.

ಬೂದಿಯ ವಿಷಯ ಬೇರೆ. ಅದಕ್ಕೆ ಗಾಳಿ ಸಾಕು. ಹೈಲಿ ಗುಬ್ಬಿಯ ಬೂದಿ ಸುಮಾರು 14 ಕಿ.ಮೀ. ಎತ್ತರಕ್ಕೆ ಏರಿ, ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಬೀಸುವ ಗಾಳಿಗೆ ಸಿಕ್ಕಿತು. ಆದ್ದರಿಂದ ದೆಹಲಿಯ ದಾರಿ ಹಿಡಿಯಿತು. ದಕ್ಷಿಣಕ್ಕೆ ಬೂದಿ ಬಂದದ್ದೇ ಇಲ್ಲವೇ ಎಂದು ಕೇಳಿದರೆ, ಬಂದಿದೆ. ಬಳ್ಳಾರಿಯಿಂದ ಪೂರ್ವಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿ, ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂ ಎಂಬ ಊರಿನ ಕಣಿವೆಯಲ್ಲಿ ಮಣ್ಣಿನ ಪದರಗಳ ನಡುವೆ ಬೆಳ್ಳನೆಯ ಬೂದಿಯ ಪದರವಿದೆ. ಅದು ಸುಮಾರು 74,000 ವರ್ಷಗಳ ಹಿಂದೆ, ಎರಡೂವರೆ ಸಾವಿರ ಕಿ.ಮೀ.ಗೂ ಆಚೆಯ ಸುಮಾತ್ರಾದ ಟೋಬಾ ಸಿಡಿದಾಗ ಬಂದು ಬಿದ್ದದ್ದು. ಆ ಪದರದ ಕೆಳಗೂ ಮೇಲೂ ಪುರಾತತ್ವಜ್ಞರಿಗೆ ಕಲ್ಲಿನ ಆಯುಧಗಳು ಸಿಕ್ಕಿವೆ. ಬೂದಿ ಬೀಳುವ ಮೊದಲೂ, ಬಿದ್ದ ಮೇಲೂ ಇಲ್ಲಿ ಮನುಷ್ಯರು ಬದುಕಿದ್ದರು ಎಂಬುದಕ್ಕೆ ಇದೇ ಆಧಾರ. ಟೋಬಾದಂಥದ್ದು ಲಕ್ಷ ವರ್ಷಕ್ಕೊಮ್ಮೆಯ ಮಾತು. ದಿನದ ಬದುಕಿನಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಜ್ವಾಲಾಮುಖಿಯನ್ನಲ್ಲ, ಭೂಕಂಪವನ್ನು.

ಫಲಕದ ನಡುವೆಯೂ ನೆಲ ನಡುಗುವುದೇಕೆ

ಭಾರತ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯದ ಕಡೆ ಸರಿಯುತ್ತಿದೆ. ಉತ್ತರದಲ್ಲಿ ಅದಕ್ಕೆ ಯುರೇಷಿಯಾ ಫಲಕ ಅಡ್ಡ ನಿಂತಿದೆ. ಆ ನೂಕಾಟದಿಂದಲೇ ಹಿಮಾಲಯ ಎದ್ದದ್ದು, ಅಲ್ಲಿ ದೊಡ್ಡ ಭೂಕಂಪಗಳಾಗುವುದೂ ಅದರಿಂದಲೇ. ಆದರೆ ತುಂಬಿದ ಬಂಡಿಯನ್ನು ಹಿಂದಿನಿಂದ ನೂಕುವಾಗ ಮುಂದಿನ ಗಾಲಿ ಗುಂಡಿಯಲ್ಲಿ ಸಿಕ್ಕರೆ, ಒತ್ತಡ ಗಾಲಿಗಷ್ಟೇ ಅಲ್ಲ, ಬಂಡಿಯ ಪ್ರತಿ ಕೀಲಿಗೂ ತಟ್ಟುತ್ತದೆ. ಹಾಗೆಯೇ ಫಲಕದ ನಡುವಿನ ಬಂಡೆಯೂ ಆ ಒತ್ತಡವನ್ನು ಹೊತ್ತಿದೆ. ಕೋಟ್ಯಂತರ ವರ್ಷಗಳ ಹಿಂದೆ ಬಿರಿದು ಮತ್ತೆ ಕೂಡಿಕೊಂಡ ಹಳೆಯ ಸೀಳುಗಳು ಅದರೊಳಗಿವೆ. ಒತ್ತಡ ತಾಳಲಾಗದ ಸೀಳು ಒಮ್ಮೆ ಜಾರುತ್ತದೆ. ಅಂಚಿನಲ್ಲಿ ಇದು ಪದೇ ಪದೇ ಆಗುತ್ತದೆ, ನಡುವಿನಲ್ಲಿ ಅಪರೂಪಕ್ಕೆ. ಅಪರೂಪವಾದ್ದರಿಂದಲೇ ಊರಿನ ನೆನಪಿನಲ್ಲಿ ಅದು ಉಳಿಯುವುದಿಲ್ಲ.

ಬಳ್ಳಾರಿಗೇ ಇಂಥದ್ದೊಂದು ಮರೆತ ದಿನಾಂಕವಿದೆ. 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯಲ್ಲಿ ಭೂಮಿ ನಡುಗಿದ್ದು ಭಾರತದ ಹಳೆಯ ಭೂಕಂಪ ಪಟ್ಟಿಗಳಲ್ಲಿ ದಾಖಲಾಗಿದೆ. ಆಗ ಅಳೆಯುವ ಯಂತ್ರಗಳಿರಲಿಲ್ಲ. ಎಲ್ಲೆಲ್ಲಿ ಎಷ್ಟು ನಡುಗಿತು ಎಂಬ ವರದಿಗಳಿಂದ ಅದರ ಪ್ರಮಾಣ ಸುಮಾರು 5 ಇದ್ದೀತೆಂದು ಅಂದಾಜಿಸಲಾಗಿದೆ. ಅಂದಿನಿಂದ ಇಂದಿಗೆ, ವರ್ಷಕ್ಕೆ 5 ಸೆಂ.ಮೀ. ಲೆಕ್ಕದಲ್ಲಿ, ಬಳ್ಳಾರಿ ಕೋಟೆಯ ಗುಡ್ಡ ಇಡೀ ದೇಶದ ಜೊತೆ ಸುಮಾರು 9 ಮೀಟರ್ ಸರಿದಿದೆ. ಒತ್ತಡ ಕೂಡುವ ಕೆಲಸ ನಿಂತಿಲ್ಲ.

ಈಚಿನ ವರ್ಷಗಳಲ್ಲಿ ಪಕ್ಕದ ಜಿಲ್ಲೆಗಳಿಂದ ಬರುವ ಸುದ್ದಿಗಳನ್ನು ಇದರ ಜೊತೆ ಬೆರೆಸಬಾರದು. 2021ರಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಜನ ರಾತ್ರಿ ಮನೆ ಬಿಟ್ಟು ಹೊರಗೆ ಮಲಗಿದರು. ಅಲ್ಲಿ ಆದದ್ದು ಸದ್ದಿನೊಡನೆ ಬರುವ ಸಣ್ಣ ಕಂಪನಗಳ ಸರಣಿ. ಜೋರು ಮಳೆಯ ನಂತರ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು, ಅಲ್ಲಿನ ಒತ್ತಡ ಬದಲಾಗಿ ಹೀಗಾಗುತ್ತದೆ ಎಂಬುದು ತಜ್ಞರು ಕೊಟ್ಟ ವಿವರಣೆ. ನಮ್ಮ ಜಿಲ್ಲೆಗಳ ಬಹುಭಾಗ ಗ್ರಾನೈಟ್. ಆ ಬಗೆಯ ಸರಣಿ ಇಲ್ಲಿ ಕಾಣುವುದು ಕಡಿಮೆ.

ಅಂಕಿಯನ್ನು ಓದುವ ಕ್ರಮವನ್ನೂ ಹೇಳಬೇಕು. ಪ್ರಮಾಣ 3ಕ್ಕೂ 6ಕ್ಕೂ ನಡುವೆ ಬರೀ ಇಮ್ಮಡಿ ವ್ಯತ್ಯಾಸವಲ್ಲ. ಒಂದು ಅಂಕಿ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಮೂರು ಅಂಕಿ ಏರಿದರೆ 30,000 ಪಟ್ಟಿಗೂ ಮೇಲೆ. ಆದ್ದರಿಂದ "ಚಿಕ್ಕದು ನೂರು ಬಂದುಹೋದರೆ ದೊಡ್ಡದು ಬರಲ್ಲ" ಎಂಬ ಸಮಾಧಾನಕ್ಕೆ ಲೆಕ್ಕದ ಬೆಂಬಲವಿಲ್ಲ. "ಚಿಕ್ಕದು ಬಂತು, ಇನ್ನು ದೊಡ್ಡದು ಬಂದೇ ಬರುತ್ತದೆ" ಎಂಬ ಹೆದರಿಕೆಗೂ ಇಲ್ಲ.

ಪಲ್ಕಿಗುಂಡು ಹೇಳುವ ಸಾಕ್ಷಿ, ಎರೆ ಹೊಲ ಹೇಳುವ ಸಾಕ್ಷಿ

ಕೊಪ್ಪಳದ ಪಕ್ಕದ ಗುಡ್ಡದ ಮೇಲೆ ಪಲ್ಕಿಗುಂಡು ಇದೆ. ಬಂಡೆಗಳ ಮೇಲೆ ಚಪ್ಪಟೆಯಾದ ದೊಡ್ಡ ಗುಂಡೊಂದು ಪಲ್ಲಕ್ಕಿಯ ಮೇಲ್ಛಾವಣಿಯ ಹಾಗೆ ಕೂತಿದೆ. ಅದರ ನೆರಳಿನ ಬಂಡೆಯಲ್ಲಿ ಅಶೋಕನ ಶಾಸನವಿದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ ಅದಕ್ಕೂ ಹಿಂದಿನ ಕಾಲದ ಜನ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಗೂಡುಗಳು ಗುಡ್ಡದ ತುಂಬ ಇವೆ. ಕೆಲವು ಕುಸಿದಿವೆ, ಹಲವು ಇವತ್ತಿಗೂ ನಿಂತಿವೆ.

ಅಲುಗಾಡಿಸಿದರೆ ಬೀಳುವಂತಿರುವ ಇಂಥ ಬಂಡೆಗಳನ್ನು ಭೂವಿಜ್ಞಾನಿಗಳು ಸಾಕ್ಷಿಯಾಗಿ ಬಳಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದೊಂದು ಅಧ್ಯಯನ ವಿಧಾನವೇ ಆಗಿದೆ. ಗುಂಡು ಬಿದ್ದಿಲ್ಲವೆಂದರೆ, ಅದು ಅಲ್ಲಿ ಕೂತಂದಿನಿಂದ ಆ ಜಾಗ ಒಂದು ಮಿತಿಗಿಂತ ಜೋರಾಗಿ ನಡುಗಿಲ್ಲ ಎಂದು ಹೇಳಬಹುದು. ನಮ್ಮ ಗುಡ್ಡಗಳ ಈ ನೋಟ "ಗಟ್ಟಿ ನೆಲ" ಎನ್ನುವವರ ಪರವಾಗಿ ನಿಲ್ಲುತ್ತದೆ. ಅಪಾಯ ಕಡಿಮೆ ಎಂಬ ಮಾತಿಗೆ ಇದಕ್ಕಿಂತ ಸುಂದರವಾದ ಪುರಾವೆ ಬೇರೆ ಇಲ್ಲ.

ಆದರೆ ಆ ಸಾಕ್ಷಿ ಗುಡ್ಡದ್ದು, ಬಯಲಿನದಲ್ಲ. ಕಂಪನದ ಅಲೆ ಗಟ್ಟಿ ಬಂಡೆಯಲ್ಲಿ ವೇಗವಾಗಿ ಹಾದುಹೋಗುತ್ತದೆ. ಮೆತ್ತನೆಯ ಮಣ್ಣಿಗೆ ಬಂದಾಗ ವೇಗ ತಗ್ಗಿ, ಓಲಾಟ ದೊಡ್ಡದಾಗುತ್ತದೆ. ಸಿಂಧನೂರು, ಸಿರುಗುಪ್ಪದ ಗದ್ದೆ ಬಯಲು, ತುಂಗಭದ್ರಾ–ಕೃಷ್ಣಾ ದಂಡೆಯ ಮೆಕ್ಕಲು, ಮಾನ್ವಿಯ ಎರೆ ನೆಲ ಇವೆಲ್ಲ ಗುಡ್ಡದ ಬಂಡೆಯಂತೆ ವರ್ತಿಸುವುದಿಲ್ಲ. ಮಣ್ಣು ಎಷ್ಟು ಆಳಕ್ಕಿದೆ ಎಂಬುದರ ಮೇಲೆ ಒಂದೇ ತಾಲ್ಲೂಕಿನ ಎರಡು ಊರುಗಳಲ್ಲಿ ನಡುಕ ಬೇರೆಬೇರೆಯಾಗಬಹುದು. ಜಿಲ್ಲೆಗೆ ಒಂದೇ ಬಣ್ಣ ಹಚ್ಚುವ ನಕ್ಷೆ ಇದನ್ನು ತೋರಿಸುವುದಿಲ್ಲ.

ಎರೆ ನೆಲಕ್ಕೆ ಇನ್ನೊಂದು ಗುಣವಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕಟ್ಟಿದ ಗೋಡೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಎಲ್ಲೋ ಕಂಪನವಾದ ಸುದ್ದಿ ಬಂದಾಗ ಜನ ಗೋಡೆ ನೋಡುತ್ತಾರೆ, ವರ್ಷಗಳಿಂದ ಇದ್ದ ಬಿರುಕು ಆಗ ಕಣ್ಣಿಗೆ ಬೀಳುತ್ತದೆ. ಸಂಡೂರು ಕಡೆ ಗಣಿಯ ಸ್ಫೋಟವೂ ಹೀಗೇ ಗೊಂದಲ ತರುತ್ತದೆ. ಬಿರುಕಿನ ಕಾರಣ ಬೇರೆಯಿರಬಹುದು, ಆದರೆ ಬಿರುಕು ಬಿಟ್ಟ ಗೋಡೆ ಭೂಕಂಪಕ್ಕೆ ಮೊದಲೇ ಸೋತ ಗೋಡೆ.

ತುಂಗಭದ್ರಾ ಅಣೆಕಟ್ಟು ಮತ್ತು ಕೊಯ್ನಾ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗಿನಿಂದ, ಡ್ಯಾಮಿಗೆ ಭೂಕಂಪವಾದರೆ ಏನು ಗತಿ ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಗೇಟು ಹೋದದ್ದು ಸರಪಳಿ ತುಂಡಾಗಿ. ಅದಕ್ಕೂ ಭೂಕಂಪಕ್ಕೂ ಸಂಬಂಧವಿಲ್ಲ.

ಅಣೆಕಟ್ಟಿನ ನೀರೇ ಭೂಕಂಪವನ್ನು ಎಬ್ಬಿಸಬಲ್ಲದೇ? ಎಬ್ಬಿಸಬಲ್ಲದು. ಮಹಾರಾಷ್ಟ್ರದ ಕೊಯ್ನಾ ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ. ಅಲ್ಲಿ 1960ರ ದಶಕದ ಆರಂಭದಲ್ಲಿ ನೀರು ತುಂಬತೊಡಗಿತು. 1967ರ ಡಿಸೆಂಬರ್‌ನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು. ಅಣೆಕಟ್ಟು ಬಿರುಕು ಬಿಟ್ಟರೂ ನಿಂತಿತು. ಕೊಯ್ನಾದ ಈಗಿನ ಸಂಗ್ರಹ ಸಾಮರ್ಥ್ಯ ಸುಮಾರು 105 ಟಿಎಂಸಿ. ಹೂಳು ತುಂಬಿದ ಮೇಲೆ ತುಂಗಭದ್ರಾದಲ್ಲಿ ಉಳಿದದ್ದೂ ಸುಮಾರು ಅಷ್ಟೇ. ವ್ಯತ್ಯಾಸ ಎತ್ತರದಲ್ಲಿದೆ. ಕೊಯ್ನಾ ಅಣೆಕಟ್ಟು 103 ಮೀಟರ್, ತುಂಗಭದ್ರಾ ಸುಮಾರು 50 ಮೀಟರ್. ತಳದ ಬಂಡೆಯ ಬಿರುಕಿಗೆ ನೀರನ್ನು ಒತ್ತಿ ಇಳಿಸುವುದು ನೀರಿನ ಆಳ, ಅದರ ಹರವಲ್ಲ. ಜೊತೆಗೆ, ಕೆಳಗೆ ಜಾರಲು ಸಿದ್ಧವಾಗಿರುವ ಸೀಳೂ ಇರಬೇಕು, ನೀರು ಕೊನೆಯ ನೂಕಷ್ಟೇ ಕೊಡುತ್ತದೆ. 1953ರಿಂದ ನೀರು ನಿಲ್ಲಿಸುತ್ತಿರುವ ತುಂಗಭದ್ರಾದ ಸುತ್ತ ಕೊಯ್ನಾ ಬಗೆಯ ಕಂಪನ ಸರಣಿ ಎದ್ದಿಲ್ಲ. ಸುರ್ಕಿ ಗಾರೆಯಲ್ಲಿ ಕಟ್ಟಿದ ಈ ಕಲ್ಲಿನ ಅಣೆಕಟ್ಟಿಗೆ ಇವತ್ತಿನ ಕಾಳಜಿ ಗೇಟು, ಸರಪಳಿ, ಹೂಳು. ಅವುಗಳ ನಿರ್ವಹಣೆ ಹಿಂದೆ ಬಿದ್ದರೆ ಭೂಕಂಪಕ್ಕೆ ಕಾಯಬೇಕಿಲ್ಲ.

ಎರಡನೇ ವಲಯ ಎಂಬ ಮಾತಿನ ಅರ್ಥ

2002ರ ನಕ್ಷೆಯ ಪ್ರಕಾರ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಎರಡನೇ ವಲಯದಲ್ಲಿವೆ. ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಗುಂಪು. ಎರಡನೆಯದೇ ಕನಿಷ್ಠ ಹೇಗೆ, ಮೊದಲನೆಯದೆಲ್ಲಿ ಎಂಬ ಪ್ರಶ್ನೆಯಲ್ಲೇ ಒಂದು ಚರಿತ್ರೆಯಿದೆ. ಮೊದಲನೇ ವಲಯ ಇತ್ತು. ಕಿಲ್ಲಾರಿ ಆ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಅಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸುಮಾರು 10,000 ಜನ ಸತ್ತರು. ಅಪಾಯ ಅತಿ ಕಡಿಮೆಯೆಂದು ಬರೆದಿದ್ದ ನೆಲದಲ್ಲಿ ಹೀಗಾದ ಮೇಲೆ, 2002ರಲ್ಲಿ ಮೊದಲನೇ ವಲಯವನ್ನೇ ಅಳಿಸಿ ಎರಡನೆಯದಕ್ಕೆ ಸೇರಿಸಲಾಯಿತು. ಕಿಲ್ಲಾರಿ ಸುತ್ತಲ ನೆಲವನ್ನು ಮೂರಕ್ಕೆ ಏರಿಸಲಾಯಿತು. ರಾಯಚೂರಿನಿಂದ ಕಿಲ್ಲಾರಿ ನೇರ ಗೆರೆಯಲ್ಲಿ ಸುಮಾರು 220 ಕಿ.ಮೀ.

ಇಲ್ಲೇ ವಾದ ಹುಟ್ಟುತ್ತದೆ. ಹಳೆಯ ನಕ್ಷೆಗಳು ಮುಖ್ಯವಾಗಿ ಹಿಂದೆ ಎಲ್ಲಿ ಎಷ್ಟು ನಡುಗಿತ್ತು ಎಂಬುದನ್ನು ನೆಚ್ಚಿಕೊಂಡವು. ಸಾವಿರಾರು ವರ್ಷಕ್ಕೊಮ್ಮೆ ಜಾರುವ ಸೀಳಿಗೆ ಇನ್ನೂರು ವರ್ಷದ ದಾಖಲೆ ಸಾಲದು ಎನ್ನುವುದು ಒಂದು ಪಕ್ಷ. ಈಗಿನ ಒಲವು ಸಂಭವನೀಯತೆಯ ಲೆಕ್ಕದ ಕಡೆ: ಇಷ್ಟು ವರ್ಷಗಳ ಅವಧಿಯಲ್ಲಿ ಈ ಜಾಗ ಇಷ್ಟು ನಡುಗುವ ಸಾಧ್ಯತೆ ಎಷ್ಟು ಎಂದು ಕೇಳುವುದು. ಕಟ್ಟಡ ಉದ್ಯಮದ ಕಡೆಯಿಂದ ಬರುವ ಪ್ರಶ್ನೆಯೂ ಹಗುರವಲ್ಲ. ಅಪರೂಪದ ಭೂಕಂಪಕ್ಕಾಗಿ ಎಲ್ಲ ಕಡೆ ಉಕ್ಕು, ಸಿಮೆಂಟ್ ಹೆಚ್ಚಿಸಿದರೆ ಬಡವನ ಮನೆಯ ಖರ್ಚು ಏರುವುದಿಲ್ಲವೇ? ಏರುತ್ತದೆ. ಹಿಮಾಲಯದ ಊರಿಗೆ ಬೇಕಾದ ಕಟ್ಟಡ ಸಿಂಧನೂರಿಗೆ ಬೇಕಿಲ್ಲ, ಅದನ್ನು ಯಾರೂ ಕೇಳಲೂಬಾರದು. ಆದರೆ ಹೆಚ್ಚು ದುಡ್ಡು ಬೇಡದೆಯೇ ಆಗುವ ಕೆಲಸಗಳಿವೆ. ಅವುಗಳನ್ನೂ "ಇದು ಎರಡನೇ ವಲಯ" ಎಂಬ ಕಾರಣಕ್ಕೆ ಬಿಡುವುದು ತಪ್ಪು.

ರಿಂಗಿನ ಒಂದು ಬಾಗು

ಬಳ್ಳಾರಿಯಲ್ಲೋ ಗಂಗಾವತಿಯಲ್ಲೋ ಎದ್ದು ನಿಲ್ಲುತ್ತಿರುವ ಯಾವುದೇ ಕಟ್ಟಡದ ಕಂಬವನ್ನು ಕಾಂಕ್ರೀಟ್ ಸುರಿಯುವ ಮೊದಲು ನೋಡಿ. ಉದ್ದನೆಯ ಸರಳುಗಳನ್ನು ಸುತ್ತಿ ಹಿಡಿದ ಚೌಕದ ರಿಂಗುಗಳಿರುತ್ತವೆ. ರಿಂಗಿನ ಎರಡು ತುದಿ ಒಂದು ಮೂಲೆಯಲ್ಲಿ ಕೂಡುತ್ತವೆ. ಬಹಳ ಕಡೆ ಆ ತುದಿಗಳನ್ನು ಲಂಬವಾಗಿ, ಅಂದರೆ 90 ಡಿಗ್ರಿಗೆ ಬಾಗಿಸಿ ಬಿಟ್ಟಿರುತ್ತಾರೆ. ಕಂಬ ಜೋರಾಗಿ ಅತ್ತಿತ್ತ ಓಲಾಡಿದಾಗ ಮೊದಲು ಉದುರುವುದು ಹೊರಮೈಯ ಕಾಂಕ್ರೀಟು. ಆಗ 90 ಡಿಗ್ರಿಯ ತುದಿಗೆ ಹಿಡಿತ ತಪ್ಪಿ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದ ಸರಳುಗಳು ಹೊರಕ್ಕೆ ಉಬ್ಬುತ್ತವೆ, ಕಂಬ ಕುಸಿಯುತ್ತದೆ. ಅದೇ ತುದಿಯನ್ನು 135 ಡಿಗ್ರಿಗೆ ಬಾಗಿಸಿದರೆ ಅದು ಕಂಬದ ಒಳಗಿನ ಕಾಂಕ್ರೀಟಿನಲ್ಲಿ ಹುಗಿದು ಕೂರುತ್ತದೆ, ಹೊರಮೈ ಉದುರಿದರೂ ಬಿಚ್ಚುವುದಿಲ್ಲ. ಬೇಕಾದದ್ದು ಪ್ರತಿ ತುದಿಗೆ ಬೆರಳುದ್ದ ಹೆಚ್ಚಿನ ಕಂಬಿ ಮತ್ತು ಬಾರ್‌ಬೆಂಡರನ ಇನ್ನೊಂದು ಸಲದ ಕೈತಿರುವು.

ಕಾಂಕ್ರೀಟ್ ಕಟ್ಟಡಗಳ ಕುರಿತ 2016ರ ಭಾರತೀಯ ಮಾನಕ ಈ ಬಗೆಯ ಬಿಗಿ ಕಟ್ಟುವಿಕೆಯನ್ನು ಕಡ್ಡಾಯ ಮಾಡಿದ್ದು ಮೂರನೇ ವಲಯದಿಂದ ಮೇಲೆ. ಎರಡರಲ್ಲಿ ಅದು ಕಟ್ಟುವವರ ಇಚ್ಛೆಗೆ ಬಿಟ್ಟದ್ದು. ಇಷ್ಟು ಅಗ್ಗದ ಕೆಲಸವನ್ನು ಇಚ್ಛೆಗೆ ಬಿಡಬಾರದಿತ್ತು. ಸ್ಥಳೀಯ ಸಂಸ್ಥೆಗಳು ಪರವಾನಗಿಯ ಷರತ್ತಿನಲ್ಲಿ ಇದೊಂದು ಸಾಲು ಸೇರಿಸಬೇಕು.

ಇನ್ನೊಂದು ಎಚ್ಚರಿಕೆ 2001ರ ಜನವರಿ 26ರದ್ದು. ಭುಜ್ ಭೂಕಂಪದ ಕೇಂದ್ರ 200 ಕಿ.ಮೀ.ಗೂ ದೂರವಿದ್ದರೂ ಅಹಮದಾಬಾದಿನಲ್ಲಿ ಹಲವಾರು ಕಾಂಕ್ರೀಟ್ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಹೆಚ್ಚಿನವು ಕೆಳಗೆ ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬರೀ ಕಂಬ ಬಿಟ್ಟು, ಮೇಲೆ ಮನೆ ಕಟ್ಟಿದ್ದವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿ ಒಂದೇ ಪೆಟ್ಟಿಗೆಯಂತೆ ಓಲಾಡುತ್ತವೆ, ಆ ಓಲಾಟವನ್ನೆಲ್ಲ ಕೆಳಗಿನ ಕಂಬಗಳೇ ತಾಳಬೇಕು. ನಮ್ಮ ಪಟ್ಟಣಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಆಮೇಲೆ ದುಡ್ಡು ಬಂದಾಗ ಇನ್ನೊಂದು ಮಹಡಿ ಎಂಬ ರೀತಿ ಬೆಳೆಯುತ್ತಿರುವ ಕಟ್ಟಡಗಳ ಲೆಕ್ಕವೂ ಇದೇ.

ಮಾಳಿಗೆಯ ತೂಕ

ಕಿಲ್ಲಾರಿಗೆ ಮತ್ತೆ ಹೋಗೋಣ. 6.2 ಪ್ರಮಾಣ ಜಗತ್ತಿನ ಲೆಕ್ಕದಲ್ಲಿ ಬಹಳ ದೊಡ್ಡದಲ್ಲ. ಜಪಾನಿನಲ್ಲಿ ಅಂಥದ್ದು ಆದರೆ ಸಾವು ಕೆಲವೇ ಇರಬಹುದು, ಇಲ್ಲದೆಯೂ ಇರಬಹುದು. ಕಿಲ್ಲಾರಿಯಲ್ಲಿ ಹತ್ತು ಸಾವಿರವಾದದ್ದಕ್ಕೆ ಮೂರು ಕಾರಣಗಳು ಕೂಡಿದವು. ನಡುಕ ಹುಟ್ಟಿದ್ದು ನೆಲದಿಂದ ಬಹಳ ಆಳದಲ್ಲಲ್ಲ, ಹಾಗಾಗಿ ಪೆಟ್ಟು ನೇರವಾಗಿತ್ತು. ಗಣೇಶನನ್ನು ಕಳಿಸಿ ಬಂದು ಜನ ಒಳಗೆ ಗಾಢ ನಿದ್ದೆಯಲ್ಲಿದ್ದರು. ಮೂರನೆಯದು ಮನೆ.

ಅಲ್ಲಿನ ಗೋಡೆಗಳು ಎರಡು ಅಡಿಗೂ ದಪ್ಪ. ನೋಡಲು ಕೋಟೆಯಂತಿದ್ದರೂ ಒಳಗೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು, ಚೂರುಗಲ್ಲು. ಎರಡೂ ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿರಲಿಲ್ಲ. ನಡುಗಿದಾಗ ಒಂದು ಸಾಲು ಹೊರಕ್ಕೆ, ಇನ್ನೊಂದು ಒಳಕ್ಕೆ ಉಬ್ಬಿ ಕಳಚಿತು. ಮೇಲಿದ್ದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಬಿತ್ತು. ಕಲ್ಲಿಗಿಂತ ಹೆಚ್ಚಾಗಿ ಆ ಮಣ್ಣು ಉಸಿರುಕಟ್ಟಿಸಿ ಕೊಂದಿತು. ಹಗುರ ಸೂರಿನ ಗುಡಿಸಲುಗಳಲ್ಲಿದ್ದವರು ಹೆಚ್ಚಾಗಿ ಉಳಿದರು. ಕೆಲವೆಡೆ ಮರದ ಕಂಬ, ತೊಲೆಗಳ ಮೇಲೆ ಮಾಳಿಗೆ ಹೊತ್ತ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು.

ಈ ವರ್ಣನೆ ಓದುವಾಗ ಕುಷ್ಟಗಿ, ಲಿಂಗಸೂಗೂರು, ದೇವದುರ್ಗ, ಸಿರುಗುಪ್ಪದ ಹಳೆಯ ಓಣಿಗಳು ಕಣ್ಣಮುಂದೆ ಬರದೆ ಇರವು. ಅಂಕಣ ಲೆಕ್ಕದಲ್ಲಿ ಕಟ್ಟಿದ ಕಲ್ಲು–ಮಣ್ಣಿನ ಮನೆ, ಜಂತಿ, ಅದರ ಮೇಲೆ ಸವಳು ಮಣ್ಣು. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಈ ಸೀಮೆಯ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ, ಆದ್ದರಿಂದ ಕೆಡವಿ ಸ್ಲ್ಯಾಬ್ ಹಾಕಿ ಎಂಬ ಸಲಹೆ ಸರಿಯಲ್ಲ. ತೊಂದರೆ ಇರುವುದು ಭಾರದಲ್ಲಿ. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಮಣ್ಣು ಹಾಕುತ್ತ ಬಂದರೆ ತಲೆಮಾರೊಂದರಲ್ಲಿ ಮಾಳಿಗೆ ಒಂದಡಿ, ಎರಡಡಿ ದಪ್ಪವಾಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಸುಮಾರು ನಾಲ್ಕೂವರೆ ಟನ್. ಎರಡಡಿಯಾದರೆ ಒಂಬತ್ತು. ಅಷ್ಟನ್ನೂ ಹಿಡಿದು ನಿಂತದ್ದು ಮಣ್ಣಿನ ಗಾರೆಯ ಗೋಡೆ.

ಕಿಲ್ಲಾರಿಯ ನಂತರ ಇಂಥ ಮನೆಗಳನ್ನು ಉಳಿಸಿಕೊಂಡೇ ಗಟ್ಟಿ ಮಾಡುವ ದಾರಿಗಳನ್ನು ಎಂಜಿನಿಯರುಗಳು ತೋರಿಸಿದ್ದಾರೆ. ಗೋಡೆಯಲ್ಲಿ ಮೂರು–ನಾಲ್ಕು ಅಡಿಗೊಂದು ಕಡೆ ಆರಪಾರ ತೂತು ಮಾಡಿ, ಬಾಗಿಸಿದ ಕಂಬಿಯಿಟ್ಟು ಕಾಂಕ್ರೀಟ್ ತುಂಬಿದರೆ ಎರಡು ಮುಖಗಳೂ ಒಂದಾಗುತ್ತವೆ. ಬಾಗಿಲು, ಕಿಟಕಿಯ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವ ಪಟ್ಟಿ ಕಟ್ಟಿದರೆ ಮೂಲೆಗಳು ಬಿಡುವುದಿಲ್ಲ. ಹೊಸದಾಗಿ ಕಲ್ಲಿನ ಗೋಡೆ ಏರಿಸುವವರು ಆಚೆ–ಈಚೆ ಎರಡೂ ಮುಖ ಮುಟ್ಟುವ ಕಲ್ಲುಗಳನ್ನು ಅಲ್ಲಲ್ಲಿ ಇಡುವಂತೆ ಗೌಂಡಿಗೆ ಹೇಳಿದರೆ ಸಾಕು, ಅದಕ್ಕೆ ಬೇರೆ ಖರ್ಚಿಲ್ಲ.

ಭೂಕಂಪ ಯಾವ ದಿನ, ಎಷ್ಟು ಗಂಟೆಗೆ ಎಂದು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. "ಇಂದು ರಾತ್ರಿ 8.2 ಬರಲಿದೆ" ಎಂಬ ವಾಟ್ಸಾಪ್ ಸಂದೇಶ ಯಾವ ಸಂಸ್ಥೆಯ ಹೆಸರಿನಲ್ಲಿ ಬಂದರೂ ಸುಳ್ಳು. ಆಂಡ್ರಾಯ್ಡ್ ಫೋನುಗಳಿಗೆ ಬರುವ ಎಚ್ಚರಿಕೆ ಭವಿಷ್ಯವಲ್ಲ. ಭೂಕಂಪ ಶುರುವಾದ ಮೇಲೆ, ಅಲೆ ನಮ್ಮನ್ನು ತಲುಪುವ ಮೊದಲು ಸಿಗುವ ಕೆಲವು ಸೆಕೆಂಡುಗಳ ಸೂಚನೆ ಅದು. ಕಾಂಕ್ರೀಟ್ ಕಟ್ಟಡದಲ್ಲಿದ್ದರೆ ಆ ಹೊತ್ತಿನಲ್ಲಿ ಮೇಜಿನ ಕೆಳಗೆ ತಲೆ ಕಾಪಾಡಿಕೊಂಡು ಕೂರಬೇಕು, ಮೆಟ್ಟಿಲ ಕಡೆ ಓಡಬಾರದು. ಮಣ್ಣಿನ ಮಾಳಿಗೆಯ ಕೆಳಗೆ, ಬಾಗಿಲ ಸಮೀಪ ಇದ್ದವರು ಮಾತ್ರ ಬಯಲಿಗೆ ಬಂದುಬಿಡುವುದು ಒಳ್ಳೆಯದು.

ಯುಗಾದಿ ಮುಗಿದು ರೋಹಿಣಿ ಮಳೆ ಹಿಡಿಯುವ ತನಕ ಮಾಳಿಗೆ ಕೆಲಸದ ಕಾಲ. ಆಗ ಹೊಸ ಸವಳು ಹೇರುವ ಮೊದಲು ಹಳೆಯ ಮಣ್ಣನ್ನು ಕೆರೆದು ಇಳಿಸಬಹುದು. ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಅರ್ಧ ಅಡಿಯಷ್ಟೇ ಮಣ್ಣು ಬಡಿದು ಕೂರಿಸಿದರೆ ಸೋರುವುದು ನಿಲ್ಲುತ್ತದೆ, ಮರುವರ್ಷ ಮತ್ತೆ ಹೇರುವ ಅಗತ್ಯವೂ ಬೀಳುವುದಿಲ್ಲ. ಎರಡು ಅಡಿ ದಪ್ಪದ ಮಾಳಿಗೆಯಿಂದ ಇಳಿಯುವುದು ಒಂದು ಕೋಣೆಗೆ ಸುಮಾರು ಏಳು ಟನ್.